ಎದುರು ಪಕ್ಷದ ಚಪ್ಪಾಳೆ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಸೋಲನ್ನು ಒಪ್ಪಿಕೊಳ್ಳದವನನ್ನು ಹಂಗಿಸುವುದಕ್ಕೆ ಇದನ್ನು ಬಳಸುವುದು ರೂಢಿ. ಆದರೆ ಈ ಮಾತನ್ನು ಮೊದಲು ಆಡಿದವರು ಯಾರಿರಬಹುದೆಂದು ವಿಚಾರ ಮಾಡಿದವರು ವಿರಳ. ಕೆಳಗೆ ಬಿದ್ದ ಜಟ್ಟಿಯು ಇದನ್ನು ಆಡಿರಲಾರನು. ಅವನ ಬಾಯಿಯಲ್ಲಿ ಆಗ ಮಣ್ಣಿರುತ್ತದೆ, ಎದೆಯಲ್ಲಿ ಉಸಿರಿರುವುದಿಲ್ಲ. ಇದು ಕಣದ ಸುತ್ತ ಕುಳಿತಿರುವ ಅವನ ಪಕ್ಷದವರ ಮಾತು. ಮೈಗೆ ಒಂದು ಹಿಡಿ ಮಣ್ಣನ್ನೂ ತಗಲಿಸಿಕೊಳ್ಳದೆ ಗೆಲವಿನಲ್ಲಿ ಪೂರಾ ಪಾಲನ್ನೂ ಸೋಲಿನಲ್ಲಿ ಕುಂಟು ನೆಪವನ್ನೂ ಪಡೆಯುವ ಈ ಜನರನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದು ನಮ್ಮ ಮನಸ್ಸು.

ಹುಕ್ಕೇರಿ ತಾಲೂಕಿನ ಹತ್ತರಗಿಯು ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಒಂದು ಮಗ್ಗುಲಿಗೆ ಯಮಕನಮರಡಿ, ಮೇಲಕ್ಕೆ ಹೋದರೆ ಸಂಕೇಶ್ವರ, ಮೂಡಲಿಗೆ ಗೋಕಾಕ. ಈ ಸುತ್ತಿನ ಊರುಗಳಲ್ಲಿ ಜಾತ್ರೆಯೆಂದರೆ ತೇರು, ಬೆಂಡು ಬತ್ತಾಸು, ನಾಟಕ ಇವುಗಳೊಡನೆ ಕುಸ್ತಿಯೂ ಇರಬೇಕು. ಇಳಿಹೊತ್ತಿನಲ್ಲಿ ಹಲಗೆಯ ಬಡಿತ ಕೇಳಿತೆಂದರೆ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುವವನೂ ಗುದ್ದಲಿಯನ್ನು ಬದುವಿಗೆ ಊರಿ ಹೊರಡುವನು. ಕಣದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಹದ ಮಾಡಿರುತ್ತಾರೆ. ಮೊದಲು ಹುಡುಗರ ಕುಸ್ತಿ. ಗೆದ್ದವನಿಗೆ ಒಂದು ತೆಂಗಿನಕಾಯಿಯೋ ಹತ್ತಿಪ್ಪತ್ತು ರೂಪಾಯಿಯೋ. ಹೊತ್ತು ಏರಿದಂತೆ ಜೋಡಿಗಳೂ ದೊಡ್ಡವಾಗುತ್ತವೆ, ಇನಾಮೂ ದೊಡ್ಡದಾಗುತ್ತದೆ. ಕಡೆಯ ಜೋಡಿಗೆ ಬೆಳ್ಳಿಯ ಕಡಗವೋ ಗದೆಯೋ ಇರುವುದುಂಟು. ಇಬ್ಬರು ಪೈಲವಾನರೂ ಕಣಕ್ಕಿಳಿದು, ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು, ಒಬ್ಬನ ಮೈಗೆ ಇನ್ನೊಬ್ಬನು ಒಂದು ಚಿಟಿಕೆ ಮಣ್ಣನ್ನು ಸವರಿ ಕೈಗೆ ಕೈ ಕೊಡುವರು. ಮಣ್ಣು ಸವರುವುದರಲ್ಲಿ ಉಪಯೋಗವೂ ಇದೆ, ಬೆವರಿದ ಮೈ ಜಾರಬಾರದು. ಆದರೆ ತನ್ನನ್ನು ಹಿಡಿಯಲು ಅನುಕೂಲವಾಗುವಂತೆ ತಾನೇ ಎದುರಾಳಿಗೆ ನೆರವಾಗುವ ಈ ಪದ್ಧತಿಗಿಂತ ದೊಡ್ಡ ಮರ್ಯಾದೆಯನ್ನು ನಾವಂತೂ ಬೇರೆ ಯಾವ ಆಟದಲ್ಲಿಯೂ ಕಾಣೆವು.

ಇನ್ನು ಪಕ್ಷಗಳ ವಿಚಾರ. ಹೊರಗಿನವರಿಗೆ ಇದು ಊರಿಗೂ ಊರಿಗೂ ನಡುವಣ ಪಂತವೆಂದು ತೋರುತ್ತದೆ. ಅದು ಅರ್ಧ ನಿಜ. ಪೈಲವಾನನಿಗೆ ಹುಟ್ಟಿದ ಊರು ಒಂದಿದ್ದರೆ ಗರಡಿ ಇನ್ನೊಂದಿರುತ್ತದೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮನೆಬಿಟ್ಟು ಬೆಳಗಾವಿಗೋ ಕೊಲ್ಲಾಪುರಕ್ಕೋ ಸಾಂಗಲಿಗೋ ಹೋಗಿ ಯಾವುದಾದರೊಂದು ತಾಲೀಮಿನಲ್ಲಿ ಸೇರಿದನೆಂದರೆ ಆ ಮೇಲೆ ಅವನು ವಸ್ತಾದರ ಮಗನೇ ಸರಿ. ಅಲ್ಲಿಯೇ ಅಡುಗೆ, ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ. ನಸುಕಿನಲ್ಲೆದ್ದು ದಂಡ ಬೈಠಕು. ಮನೆಯಿಂದ ಬರುವುದು ತುಪ್ಪದ ಡಬ್ಬಿ, ಬಾದಾಮಿಯ ಹಣ. ಹೀಗಿರುವಲ್ಲಿ ಜಾತ್ರೆಯ ಕಣದಲ್ಲಿ ನಮ್ಮೂರ ಹುಡುಗನಿಗೆ ಎದುರಾಗಿ ನಿಂತವನು ಪಕ್ಕದೂರಿನವನಾದರೂ ಅವನೊಡನೆ ಒಂದೇ ಗರಡಿಯ ಮಣ್ಣು ತಿಂದವನಾಗಿರಬಹುದು. ಊರಿನ ಗೆರೆಯೂ ಗರಡಿಯ ಗೆರೆಯೂ ಹೀಗೆ ಒಂದನ್ನೊಂದು ಅಡ್ಡ ಹಾಯುವುದರಿಂದ ಕೂಗುವವನಿಗೆ ದಿಕ್ಕು ತೋಚದಂತಾಗುತ್ತದೆ. ಇದರ ಮೇಲೆ ಬೀಗತನದ ಗೆರೆ ಬೇರೆ. ಎದುರೂರಿಗೆ ಮಗಳನ್ನು ಕೊಟ್ಟವನು ಎದುರೂರಿನ ಪೈಲವಾನನನ್ನು ಎಷ್ಟು ಗಟ್ಟಿಯಾಗಿ ಬಯ್ದಾನು? ಮರುದಿನ ಬುತ್ತಿ ಕಟ್ಟಿಕೊಂಡು ಆ ಮನೆಗೇ ಹೋಗಬೇಕಷ್ಟೆ.

ಇದಕ್ಕೆ ದೊಡ್ಡ ನಿದರ್ಶನವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಚಿಕ್ಕೋಡಿ ತಾಲೂಕಿನ ಎಕ್ಸಂಬೆಯಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದ ಶಾಹುಪುರಿ ತಾಲೀಮಿನಲ್ಲಿ ಪಳಗಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗರನ್ನು ಕೆಡವಿ ಹಿಂದ್ ಕೇಸರಿಯೆನಿಸಿದರು. ಈ ವರ್ಷವನ್ನು ವಾಚಕರು ಸ್ವಲ್ಪ ಗಮನಿಸಬೇಕು. 1956ರ ನವೆಂಬರ್ 1ಕ್ಕೆ ಪ್ರಾಂತಗಳು ಹೊಸದಾಗಿ ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತ್ತು. ಕೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಎಂದರೆ ಆ ಗೆಲವಿನ ಹೊತ್ತಿಗೆ ಅವರ ತೊಟ್ಟಿಲು ತೂಗಿದ ಊರು ಗಡಿಯ ಈಚೆಗೂ ತೊಡೆ ತಟ್ಟಿದ ಊರು ಗಡಿಯ ಆಚೆಗೂ ಇದ್ದವು. ಕೊಲ್ಲಾಪುರದವರು ಅವರನ್ನು ಮಹಾರಾಷ್ಟ್ರದ ಮೊದಲನೆಯ ಹಿಂದ್ ಕೇಸರಿಯೆಂದು ಕೊಂಡಾಡಿದರು, ಇಂದಿಗೂ ಕೊಂಡಾಡುತ್ತಾರೆ. ನಮ್ಮವರು ಎಕ್ಸಂಬೆಯ ಮಗನೆಂದು ಹೇಳಿಕೊಳ್ಳುತ್ತಾರೆ. ಎರಡೂ ಸತ್ಯವೇ. 2020ರ ಡಿಸೆಂಬರಿನಲ್ಲಿ ಅವರು ಕೊಲ್ಲಾಪುರದಲ್ಲಿ ಕಾಲವಾದಾಗ ಗಡಿಯ ಎರಡೂ ಕಡೆಗೆ ಅದು ಮನೆಯ ಹಿರಿಯನ ಸಾವಾಯಿತು. ಬೆಳಗಾವಿಯ ಮಾತು ಎತ್ತಿದೊಡನೆ ಬಾಯಿ ಕಾಯುವ ಜನರು ಎರಡೂ ಕಡೆಗೆ ಇದ್ದಾರೆ. ನಾವು ಆ ವ್ಯಾಜ್ಯದ ನ್ಯಾಯಾನ್ಯಾಯಗಳನ್ನು ಇಲ್ಲಿ ತೂಗಹೊರಟಿಲ್ಲ. ಒಬ್ಬನೇ ಮನುಷ್ಯನನ್ನು ಎರಡೂ ಪಕ್ಷದವರು ತಮ್ಮವನೆಂದು ಕೈಹಿಡಿದು ಜಗ್ಗುವ ಜಗಳವು ಇನ್ನೊಬ್ಬನನ್ನು ಪರಕೀಯನೆಂದು ಹೊರಗೆ ನೂಕುವ ಜಗಳಕ್ಕಿಂತ ಮೇಲಾದುದೆಂದಷ್ಟೇ ಹೇಳುತ್ತೇವೆ.

ಕೊಲ್ಲಾಪುರದ ಖಾಸಬಾಗ ಮೈದಾನವನ್ನು ನೋಡಿದ ವಾಚಕರು ನಮ್ಮಲ್ಲಿ ಅನೇಕರಿರಬಹುದು. ಶಾಹೂ ಮಹಾರಾಜರು ಕಟ್ಟಿಸಿದ್ದು, 1912ರಲ್ಲಿ ಮುಗಿದದ್ದು. ನಡುವೆ ಕಣ, ಸುತ್ತಲೂ ಬಟ್ಟಲಿನಂತೆ ಏರುತ್ತ ಹೋಗುವ ಇಳಿಜಾರು. ಎಲ್ಲಿ ಕುಳಿತರೂ ಕಣವು ಕಾಣುತ್ತದೆ, ಮತ್ತು ಎಲ್ಲಿ ಕುಳಿತರೂ ಎದುರಿಗೆ ಕುಳಿತವನ ಮುಖವೂ ಕಾಣುತ್ತದೆ. ಕೂಗುವವರು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕೂಗಬೇಕಾಗಿ ಬಂದರೆ ಬಾಯಿಗೆ ತಾನಾಗಿಯೇ ಒಂದು ಅಂಕೆ ಬರುತ್ತದೆಂಬುದು ನಮ್ಮ ಎಣಿಕೆ. ನಮ್ಮ ಹಳ್ಳಿಯ ಕಣಗಳೂ ಸಣ್ಣ ಅಳತೆಯಲ್ಲಿ ಹೀಗೆಯೇ ಇರುತ್ತವೆ. ಈ ಊರಿನವರಿಗೊಂದು ಮಗ್ಗುಲು, ಆ ಊರಿನವರಿಗೊಂದು ಮಗ್ಗುಲು ಎಂಬ ಬೇಲಿಯನ್ನು ಯಾರೂ ಹಾಕುವುದಿಲ್ಲ. ಸಿಕ್ಕಲ್ಲಿ ಕುಳಿತವರ ತೊಡೆಗೆ ತೊಡೆ ತಾಗುತ್ತದೆ. ಎಲೆಯಡಿಕೆಯ ಚೀಲವು ಪಕ್ಷ ನೋಡದೆ ಕೈಯಿಂದ ಕೈಗೆ ಹೋಗುತ್ತದೆ.

ಆದರೆ ಬೇಲಿ ಇಲ್ಲದಿರುವುದರಿಂದಲೇ ಗೌರವವು ಹುಟ್ಟಲಾರದು. ಅದಕ್ಕೆ ಬೇರೆ ಕಾರಣವಿದೆ. ಈ ಕಣಗಳ ಸುತ್ತ ಕುಳಿತವರಲ್ಲಿ ಎಳೆತನದಲ್ಲಿ ಲಂಗೋಟಿ ಬಿಗಿದು ಮಣ್ಣಿಗಿಳಿದವರು ಬಹಳ. ಘಿಸ್ಸಾ ಎಂದರೇನು, ಢಾಕ ಎಂದರೇನು, ಕಲಾಜಂಗದಲ್ಲಿ ಎದುರಾಳಿಯನ್ನು ಹೆಗಲಿಗೆ ಎತ್ತಿಕೊಳ್ಳುವಾಗ ಸೊಂಟಕ್ಕೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಅವರ ಎಲುಬುಗಳು ನೆನಪಿಟ್ಟಿರುತ್ತವೆ. ಆದುದರಿಂದ ಎದುರು ಪಕ್ಷದವನು ಒಂದು ಪಟ್ಟನ್ನು ಅಚ್ಚುಕಟ್ಟಾಗಿ ಹಾಕಿದಾಗ, ಬಾಯಿ ಬೇಡವೆಂದರೂ ಕೈಗಳು ಚಪ್ಪಾಳೆ ತಟ್ಟಿಬಿಡುತ್ತವೆ. ಗೆದ್ದವನು ರುಮಾಲು ಸುತ್ತಿಸಿಕೊಂಡು ಕಣದ ಸುತ್ತ ಬರುವಾಗ ಸೋತ ಪಕ್ಷದ ಮುದುಕನೊಬ್ಬನು ಮುಖ ಗಂಟಿಕ್ಕಿಕೊಂಡೇ ಅಂಗಿಯ ಒಳಕಿಸೆಯಿಂದ ನೋಟೊಂದನ್ನು ತೆಗೆದು ಅವನ ಕೈಯಲ್ಲಿ ತುರುಕುವುದನ್ನು ನೀವೂ ನೋಡಿರಬಹುದು. ಕೊಡುವಾಗ ಆ ಮುದುಕನು ಹೊಗಳುವುದಿಲ್ಲ. ಎಡಗಾಲು ಹಿಂದೆ ಬಿಡುತ್ತೀ, ತಿದ್ದಿಕೋ ಎಂದು ಗದರಿಸುವನು. ಎದುರಾಳಿಯ ಮಗನ ತಪ್ಪನ್ನು ತಿದ್ದುವಷ್ಟು ಹಕ್ಕನ್ನು ಅವನಿಗೆ ಕೊಟ್ಟವರಾರು? ಅವನ ಬೆನ್ನಿಗೆ ಎಂದೋ ಹತ್ತಿದ ಮಣ್ಣು.

ಲೋಕದಲ್ಲಿ ಇಂಥ ಪಕ್ಷಗಳು ಬೇರೆ ಕಡೆಗೂ ಉಂಟು. ಐರ್ಲೆಂಡ್ ದೇಶದಲ್ಲಿ ಗೇಲಿಕ್ ಫುಟ್ಬಾಲ್ ಎಂಬ ಆಟವಿದೆ. ಕಾಲಿನಿಂದಲೂ ಕೈಯಿಂದಲೂ ಚೆಂಡನ್ನಾಡುವ ಈ ಆಟದ ಸಂಘವು 1884ರಲ್ಲಿ ಥರ್ಲ್ಸ್ ಎಂಬ ಪಟ್ಟಣದಲ್ಲಿ ಹುಟ್ಟಿತು. ಆಟಗಾರರಿಗೆ ಸಂಬಳವಿಲ್ಲ, ಮಾಸ್ತರರು, ಒಕ್ಕಲಿಗರು, ಬಡಗಿಗಳು ಹಗಲೆಲ್ಲ ದುಡಿದು ಸಂಜೆಗೆ ತಾಲೀಮು ಮಾಡಿ ತಮ್ಮ ತಮ್ಮ ಜಿಲ್ಲೆಯ ಪರವಾಗಿ ಆಡುತ್ತಾರೆ. ಡಬ್ಲಿನ್ ನಗರದಲ್ಲಿರುವ ಕ್ರೋಕ್ ಪಾರ್ಕ್ ಎಂಬ ಮೈದಾನವು ಎಂಬತ್ತೆರಡು ಸಾವಿರ ಜನರನ್ನು ಹಿಡಿಯುವಂಥದು. ಅಲ್ಲಿಯೂ ಎರಡು ಜಿಲ್ಲೆಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸದೆ ಬೆರೆತು ಕುಳಿತುಕೊಳ್ಳಲು ಬಿಡುತ್ತಾರೆ. ನೆರೆಯ ಇಂಗ್ಲೆಂಡಿನ ಕಾಲ್ಚೆಂಡಿನ ಮೈದಾನಗಳಲ್ಲಿ ಇದು ನಡೆಯುವ ಮಾತಲ್ಲ. ಅಲ್ಲಿ ಎರಡು ಪಕ್ಷದವರ ನಡುವೆ ಪೋಲೀಸರೂ ಕಾವಲುಗಾರರೂ ನಿಲ್ಲಬೇಕಾಗುತ್ತದೆ. ಆ ಕ್ರೋಕ್ ಪಾರ್ಕಿನಲ್ಲಿಯೇ 1920ರ ನವೆಂಬರ್ 21ರಂದು ಡಬ್ಲಿನ್ನಿಗೂ ಟಿಪ್ಪರರಿ ಜಿಲ್ಲೆಗೂ ಆಟ ನಡೆದಿದ್ದಾಗ ಬ್ರಿಟಿಷ್ ಸರಕಾರದ ಸಶಸ್ತ್ರ ಪಡೆಯವರು ಒಳನುಗ್ಗಿ ಗುಂಡು ಹಾರಿಸಿದರು. ಹದಿನಾಲ್ಕು ಜನರು ಸತ್ತರು. ಅವರಲ್ಲಿ ಟಿಪ್ಪರರಿಯ ಆಟಗಾರನಾದ ಮೈಕೆಲ್ ಹೋಗನ್ ಒಬ್ಬನು. ಮೈದಾನದ ದೊಡ್ಡ ಪ್ರೇಕ್ಷಕಾಂಗಣಗಳಲ್ಲೊಂದಕ್ಕೆ ಇಂದಿಗೂ ಅವನ ಹೆಸರಿದೆ. ಡಬ್ಲಿನ್ನಿನ ಜನರು ತಮ್ಮ ಪಕ್ಷಕ್ಕಾಗಿ ಕೂಗುವಾಗ, ಅಂದು ತಮ್ಮನ್ನು ಸೋಲಿಸಲು ಬಂದವನೊಬ್ಬನ ಹೆಸರಿನ ಕೆಳಗೆ ಕುಳಿತು ಕೂಗುತ್ತಾರೆ.

ಅಷ್ಟು ದೂರ ಹೋಗುವ ಕಾರಣವೂ ಇಲ್ಲ. ನಮ್ಮ ಹುಕ್ಕೇರಿ ಗೋಕಾಕಗಳನ್ನು ಹಾಯ್ದು ಹೋಗುವ ಘಟಪ್ರಭೆಯು ಮುಂದೆ ಮುಧೋಳವನ್ನು ಮುಟ್ಟುತ್ತದೆ. ಅದು ರನ್ನಕವಿಯ ಊರು. ಅವನು ಹುಟ್ಟಿದ್ದು 949ರಲ್ಲಿ. ಅವನ ಗದಾಯುದ್ಧವೂ ಒಂದು ಜಟ್ಟಿಕಾಳಗದ ಕಥೆಯೇ. ರನ್ನನು ಯಾರ ಪಕ್ಷದವನೆಂಬುದರಲ್ಲಿ ಸಂದೇಹವಿಲ್ಲ. ತನಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನೇ ಭೀಮನೆಂದು ಬಗೆದು ಆ ಭೀಮನ ಗೆಲವನ್ನು ಹಾಡಿದವನು. ಹೀಗಿದ್ದೂ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ರಣರಂಗದಲ್ಲಿ ತನ್ನವರ ಹೆಣಗಳನ್ನು ದಾಟುತ್ತ ಬರುವ ಆ ದೊರೆಯು ವೈರಿಯ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು, ಆ ಎಳೆಯನ ಶೌರ್ಯಕ್ಕೆ ಕೈಮುಗಿದು, ತನಗೂ ಅಂಥ ಮರಣವೇ ಬರಲೆಂದು ಬೇಡಿಕೊಳ್ಳುತ್ತಾನೆ. ಗೆದ್ದವನ ಅನ್ನವನ್ನುಂಡ ಕವಿಯು ಸೋತವನಿಗೆ ಇಷ್ಟು ದೊಡ್ಡ ಮನಸ್ಸನ್ನು ಕೊಟ್ಟದ್ದು ಹೇಗೆಂದು ಪಂಡಿತರು ಚರ್ಚಿಸಲಿ. ಜಾತ್ರೆಯ ಕಣದ ಸುತ್ತ ಕುಳಿತುಬಂದ ಓದುಗನಿಗೆ ಇದು ಒಗಟಾಗಿ ತೋರದು.

ಎಲ್ಲವೂ ಚೆನ್ನಾಗಿದೆಯೆಂದು ಬರೆದರೆ ವಾಚಕರು ನಮ್ಮನ್ನು ನಂಬಲಾರರು. ಕಣದಲ್ಲಿ ಕೈ ಮಿಲಾಯಿಸಿದ ಮೇಲೆ ಕಣದ ಹೊರಗೆ ಕೈ ಕೈ ಮಿಲಾಯಿಸುವುದೂ ಉಂಟು. ಪೈಲವಾನರಿಬ್ಬರೂ ಮೊದಲೇ ಒಳಗೊಳಗೆ ಮಾತಾಡಿಕೊಂಡು ಹಣ ಹಂಚಿಕೊಳ್ಳುವ ಸುಳ್ಳು ಕುಸ್ತಿಯೂ ಉಂಟು. ಅದು ತಿಳಿದಾಗ ಎರಡು ಪಕ್ಷದವರೂ ಒಂದಾಗಿ ಬಯ್ಯುತ್ತಾರೆಂಬುದೊಂದೇ ಸಮಾಧಾನ. ಇವೆರಡಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೆ ಈಡುಮಾಡುವುದು ಬೇರೆ ಇದೆ. 2022ರ ಡಿಸೆಂಬರಿನಲ್ಲಿ ಗಡಿಯ ತಂಟೆಯು ಎದ್ದಾಗ ಲಾರಿಗಳ ಮೇಲೆ ಕಲ್ಲು ಬಿದ್ದವು, ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತವು. ಗರಡಿಯಲ್ಲಿ ಮಗನನ್ನು ಬಿಟ್ಟಿರುವ ತಾಯಿಗೆ ಬಸ್ಸು ನಿಂತಿತೆಂದರೆ ತುಪ್ಪದ ಡಬ್ಬಿಯೂ ನಿಂತಿತು. ಕಲ್ಲೆಸೆದವರು ಎಂದಾದರೂ ಕಣಕ್ಕಿಳಿದವರೇ? ನಮಗೆ ಹಾಗೆ ತೋರುವುದಿಲ್ಲ. ಎದುರಾಳಿಯ ಮೈಗೆ ಮಣ್ಣು ಸವರಿದ ಕೈಯು ಗುರುತಿಲ್ಲದವನ ಗಾಜಿಗೆ ಕಲ್ಲು ಬೀರಲು ಒಂದು ಕ್ಷಣವಾದರೂ ಹಿಂಜರಿಯುತ್ತದೆ.

ಈಗಿನ ಹುಡುಗರು ಆಟವನ್ನು ಅಂಗೈಯ ಫೋನಿನಲ್ಲಿ ನೋಡುತ್ತಾರೆ. ಅದನ್ನು ತಪ್ಪೆಂದು ನಾವು ಹೇಳುವುದಿಲ್ಲ. ದಿಲ್ಲಿಯ ಕುಸ್ತಿಯನ್ನು ಹತ್ತರಗಿಯ ಕಟ್ಟೆಯ ಮೇಲೆ ಕುಳಿತು ನೋಡುವ ಭಾಗ್ಯವು ನಮ್ಮ ಹಿರಿಯರಿಗೆ ಇರಲಿಲ್ಲ. ಆದರೆ ಫೋನಿನಲ್ಲಿ ಎದುರು ಪಕ್ಷದವನ ತೊಡೆ ತಾಗುವುದಿಲ್ಲ, ಅವನ ಎಲೆಯಡಿಕೆ ಸಿಕ್ಕುವುದಿಲ್ಲ. ಬಯ್ಗುಳವು ಮಾತ್ರ ನೇರವಾಗಿ ಹೋಗಿ ಮುಟ್ಟುತ್ತದೆ. ಆದುದರಿಂದ ಮನೆಯ ಯಜಮಾನರೂ ಯಜಮಾನಿತಿಯರೂ ಒಂದು ಕೆಲಸ ಮಾಡಬಹುದು. ಹುಡುಗನು ಕುಸ್ತಿಯನ್ನೋ ಕಬಡ್ಡಿಯನ್ನೋ ನೋಡಿಕೊಂಡು ಬಂದಾಗ ಯಾರು ಗೆದ್ದರೆಂದು ಕೇಳುವುದಕ್ಕಿಂತ ಮೊದಲು, ಎದುರಿನವನು ಯಾವ ಪಟ್ಟು ಹಾಕಿದನೆಂದು ಕೇಳಬೇಕು. ಉತ್ತರ ಹೇಳಬೇಕಾದರೆ ಅವನು ಎದುರಿನವನನ್ನು ಕಣ್ಣಿಟ್ಟು ನೋಡಿರಬೇಕಾಗುತ್ತದೆ. ಕೇಳುವವರಿಗೂ ಪಟ್ಟುಗಳ ಹೆಸರು ಗೊತ್ತಿರಬೇಕೆಂಬುದು ಬೇರೆ ಮಾತು. ಗೊತ್ತಿಲ್ಲದವರು ಅಜ್ಜನನ್ನು ಕೇಳಿ ತಿಳಿದುಕೊಳ್ಳಲಿ, ಅವನಿಗೂ ಮಾತಾಡಲು ಒಂದು ನೆವವಾಗುತ್ತದೆ.

ಗೆಲವು ಸೋಲುಗಳಿಗಿಂತ ಹೆಚ್ಚಿನ ಮಾತನ್ನು ಹುಟ್ಟಿಸುವುದು ಸಮಸಮವಾದ ಕುಸ್ತಿ. ಅರ್ಧ ತಾಸು ಹೆಣಗಿದರೂ ಯಾರ ಬೆನ್ನೂ ಮಣ್ಣು ಮುಟ್ಟದೆ, ಕತ್ತಲಾಯಿತೆಂದು ಪಂಚರು ಬಿಡಿಸಿ, ಇನಾಮನ್ನು ಎರಡು ಪಾಲು ಮಾಡಿ ಕೊಟ್ಟು ಕಳುಹಿಸುತ್ತಾರೆ. ಪೈಲವಾನರಿಬ್ಬರೂ ಒಂದೇ ಹೌದಿನ ನೀರಿನಲ್ಲಿ ಮೈ ತೊಳೆದುಕೊಂಡು, ಒಂದೇ ಪಂಕ್ತಿಯಲ್ಲಿ ಜಾತ್ರೆಯ ಹುಗ್ಗಿಯನ್ನುಂಡು ಮಲಗಿ ಗೊರಕೆ ಹೊಡೆಯುತ್ತಿರುತ್ತಾರೆ. ಅವರ ಪಕ್ಷದವರು ಮಾತ್ರ ಕಡೆಯ ಬಸ್ಸಿನಲ್ಲಿ ಒತ್ತಾಗಿ ನಿಂತು, ಮೇಲಿದ್ದವನು ಯಾರು, ಕೆಳಗಿದ್ದವನು ಯಾರು, ಇನ್ನೆರಡು ನಿಮಿಷ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಸಂಕೇಶ್ವರದಿಂದ ಹತ್ತರಗಿಯವರೆಗೂ ವಾದಿಸುತ್ತ ಬರುವರು. ಕಂಡಕ್ಟರನು ಊರು ಬಂತೆಂದು ಎರಡು ಸಲ ಕೂಗಬೇಕಾಗುತ್ತದೆ.