ತೂತು ದೊಡ್ಡದು ಮಾಡ್ಬೇಡಿ, ನಂಬರ್ ಕೊಡಿ

ತಿರುಪತಿಯಿಂದ ವಾಪಸ್ ಬರ್ತಾ ಮೊಗಿಲಿ ಘಾಟ್ ಹತ್ತುವಾಗ ನಮ್ಮ ಕಾರು ಮಾನ ಕಳೀತು. 2004ರ ಮಾಡೆಲ್ಲು, 1.3 ಲೀಟರ್ ಪೆಟ್ರೋಲ್ ಇಂಜಿನ್. ಒಳಗೆ ಐದು ಜನ, ಡಿಕ್ಕಿಯಲ್ಲಿ ಲಗೇಜು, ಅಮ್ಮನ ಮಡಿಲಲ್ಲಿ ಲಡ್ಡು. ಅಕ್ಸಲರೇಟರ್ ತುಳಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಹೋಗುತ್ತೆ. ಇದೇ ಕಾರು ಇದೇ ಘಾಟನ್ನು ಹತ್ತು ವರ್ಷದಿಂದ ಸದ್ದಿಲ್ಲದೆ ಹತ್ತಿದೆ. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು. ಬದಲಾಗಿರೋದು ಒಂದೇ, ಬಂಕಿನ ಪೆಟ್ರೋಲು.

ಮುಳಬಾಗಿಲಿನ ನಮ್ಮ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ ನೋಡಿ, "ಇಂಜಿನಿಯರ್ರೇ, ಈಗಿನ ಪೆಟ್ರೋಲ್‌ಗೆ ಇದಕ್ಕೆ ಹೊಟ್ಟೆ ತುಂಬ್ತಿಲ್ಲ. ದೊಡ್ಡ ಇಂಜೆಕ್ಟರ್ ಹಾಕ್ಬಿಡೋಣ" ಅಂದರು. ರೋಗ ಸರಿಯಾಗೇ ಹಿಡಿದಿದ್ದರು. ಔಷಧಿ ಮಾತ್ರ ತಪ್ಪು. ಆದರೆ ಆ ತಪ್ಪು ಅವರದಲ್ಲ ಅಂತ ಹೇಳೋಕೇ ಇದನ್ನು ಬರೀತಿದ್ದೀನಿ.

ನಮ್ಮ ಕೋಲಾರದ ಕಡೆಯವರಿಗೆ ಇಂಜೆಕ್ಟರ್ ಅರ್ಥ ಮಾಡಿಸೋದು ಸುಲಭ. ಟೊಮೆಟೊ ತೋಟದ ಡ್ರಿಪ್ ನೆನಪು ಮಾಡ್ಕೊಳ್ಳಿ. ಗಂಟೆಗೆ 2 ಲೀಟರ್ ಬಿಡೋ ಡ್ರಿಪ್ಪರ್ ತೆಗೆದು 4 ಲೀಟರಿನದು ಹಾಕಿದರೆ ಮೋಟರ್ ಓಡಿಸೋ ಹೊತ್ತು ಅರ್ಧ ಮಾಡ್ಬೇಕು. ಮಾಡದಿದ್ದರೆ ಬೇರು ಕೊಳೆಯುತ್ತೆ. ಕಾರಲ್ಲಿ ಆ ಟೈಮರ್ ಅಂದರೆ ಇಸಿಯು, ಇಂಜಿನ್ನಿನ ಕಂಪ್ಯೂಟರ್. ಎಷ್ಟು ಗಾಳಿ ಒಳಗೆ ಹೋಯ್ತು ಅಂತ ನೋಡಿ, ತನ್ನೊಳಗಿನ ಟೇಬಲ್ ಪ್ರಕಾರ ಇಂಜೆಕ್ಟರನ್ನು ಇಷ್ಟು ಮಿಲಿಸೆಕೆಂಡ್ ತೆರೀತದೆ. ನಿಮಿಷಕ್ಕೆ 200 ಸಿಸಿ ಬಿಡೋ ಇಂಜೆಕ್ಟರ್ ಜಾಗದಲ್ಲಿ 300 ಸಿಸಿಯದು ಕೂರಿಸಿ ಇಸಿಯುಗೆ ಹೇಳದೇ ಹೋದರೆ, ಅದು ಹಳೇ ಲೆಕ್ಕದಲ್ಲೇ ತೆರೆದು ಒಂದೂವರೆ ಪಟ್ಟು ಪೆಟ್ರೋಲ್ ಸುರಿಯುತ್ತೆ. ಪ್ಲಗ್ ಕಪ್ಪಾಗುತ್ತೆ, ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹೋಗುತ್ತೆ.

ಪಟ್ಟು ಬದಲಾಯಿಸಿದರೂ ಮುಗೀಲಿಲ್ಲ. ಮೋಟರ್ ಆನ್ ಮಾಡಿದ ತಕ್ಷಣ ಕಡೇ ಸಾಲಿಗೆ ನೀರು ಬರುತ್ತಾ? ಪೈಪ್ ತುಂಬಬೇಕು, ಕರೆಂಟಿನ ವೋಲ್ಟೇಜ್ ಕಮ್ಮಿ ಇದ್ದರೆ ಇನ್ನೂ ತಡ. ಇಂಜೆಕ್ಟರಿಗೂ ಹಾಗೇ. ತೆರೆಯೋಕೇ ಸುಮಾರು 1 ಮಿಲಿಸೆಕೆಂಡ್ ಬೇಕು, ಬ್ಯಾಟರಿ ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ. ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ತೆರೆದಿರೋದೇ 2–3 ಮಿಲಿಸೆಕೆಂಡ್. ಅದರಲ್ಲಿ ಕಾಲು ಮಿಲಿಸೆಕೆಂಡ್ ತಪ್ಪಿದರೂ ಸಿಗ್ನಲ್‌ನಲ್ಲಿ ಗಾಡಿ ನಿಂತು ಹೋಗುತ್ತೆ. ಇಂಜೆಕ್ಟರ್ ಜೊತೆಗೆ ಈ ನಂಬರೂ ಬದಲಾಗಬೇಕು.

ಈಗ ಪೆಟ್ರೋಲ್ ವಿಷಯ. ಒಂದು ಭಾಗ ಪೆಟ್ರೋಲ್ ಸುಡೋಕೆ 14.7 ಭಾಗ ಗಾಳಿ ಬೇಕು. ಎಥನಾಲ್‌ಗೆ 9 ಸಾಕು. 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ 8–9 ಪರ್ಸೆಂಟ್ ಹೆಚ್ಚು ಇಂಧನ ಬೇಕು. ಸಮ ವೇಗದಲ್ಲಿ ಹೋಗುವಾಗ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅಷ್ಟನ್ನು ತಾನೇ ಸರಿ ಮಾಡ್ಕೊಳ್ಳುತ್ತೆ. ಆದರೆ ಅಕ್ಸಲರೇಟರ್ ಪೂರ್ತಿ ತುಳಿದಾಗ ನಮ್ಮಂಥ ಹಳೇ ಕಾರುಗಳು ಸೆನ್ಸರ್ ಮಾತು ಕೇಳಲ್ಲ, ಹಳೇ ಟೇಬಲ್ಲನ್ನೇ ನಂಬ್ತವೆ. ನಾವು ಮುಗ್ಗರಿಸಿದ್ದು ಘಾಟಲ್ಲಿ ಅನ್ನೋದು ಸುಮ್ಮನೆ ಅಲ್ಲ.

ಅಣ್ಣನ ಗ್ಯಾರೇಜಲ್ಲೇ ವೈಡ್‌ಬ್ಯಾಂಡ್ ಮೀಟರ್ ಹಾಕಿ ಅಳೆದೆವು. ಪೂರ್ತಿ ತುಳಿದಾಗ ಲ್ಯಾಂಬ್ಡಾ 0.88ರ ಹತ್ತಿರ ಇರಬೇಕಾಗಿದ್ದದ್ದು 0.96 ತೋರಿಸ್ತು. ಲೆಕ್ಕಕ್ಕೆ ಸರಿಯಾಗಿ 9 ಪರ್ಸೆಂಟ್ ಕೊರತೆ. 6000 ಆರ್‌ಪಿಎಂನಲ್ಲಿ ಇಂಜಿನ್ ಎರಡು ಸುತ್ತು ತಿರುಗೋಕೆ 20 ಮಿಲಿಸೆಕೆಂಡ್. ಅದರಲ್ಲಿ ಇಂಜೆಕ್ಟರ್ ತೆರೆದಿದ್ದು ಹದಿನಾಲ್ಕೂವರೆ. ಅದಕ್ಕೆ 9 ಪರ್ಸೆಂಟ್ ಸೇರಿಸಿದರೂ 16 ದಾಟಲ್ಲ, ಅಂದರೆ 80 ಪರ್ಸೆಂಟ್ ಒಳಗೆ. ಇರೋ ಇಂಜೆಕ್ಟರೇ ಧಾರಾಳ. ದೊಡ್ಡದು ಬೇಕಾಗೇ ಇಲ್ಲ. ಟೇಬಲ್ಲಿನ ಕೆಲವು ನಂಬರ್ ಬದಲಾದರೆ ಸಾಕು.

ಆ ನಂಬರ್ ಕೇಳಿಕೊಂಡು ಸರ್ವಿಸ್ ಸೆಂಟರಿಗೆ ಹೋದೆ. "ಅದು ಲಾಕ್ ಆಗಿದೆ ಸರ್" ಅಂದರು. ಬೀಗದ ಕೈ ಯಾರ ಹತ್ರ? ಗೊತ್ತಿಲ್ಲ. ಆಮೇಲೆ ನಗುನಗುತ್ತಾ ಹೊಸ ಕಾರಿನ ಬ್ರೋಷರ್ ಕೈಗಿಟ್ಟರು.

ಹೊಸ ಕಾರು ತಗೊಳ್ಳಿ ಅನ್ನೋರು ಮಾಲೂರು, ಶ್ರೀನಿವಾಸಪುರದ ಸಂತೆಗೆ ಒಂದು ಸಲ ಬನ್ನಿ. 2018ರಿಂದ ಬೆಂಗಳೂರು ಬಳಸಿ ಬಿಟ್ಟ ನೀರು ಕೆ.ಸಿ. ವ್ಯಾಲಿ ಪೈಪಲ್ಲಿ ನಮ್ಮ ಕೆರೆಗೆ ಬರ್ತಿದೆ. ಬೆಂಗಳೂರು ಬಳಸಿ ಬಿಟ್ಟ ಕಾರು ಅದಕ್ಕೂ ಮುಂಚಿನಿಂದ ನಮ್ಮ ಅಂಗಳಕ್ಕೆ ಬರ್ತಿದೆ. ಮಾವಿನ ಫಸಲಿನ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವನಿಗೆ ಅದು ಶೋಕಿ ಅಲ್ಲ, ರಾತ್ರಿ ಹೆರಿಗೆ ನೋವು ಬಂದರೆ ಕೋಲಾರದ ಆಸ್ಪತ್ರೆಗೆ ಹೋಗೋ ದಾರಿ.

ನಾನು ಎಥನಾಲ್ ವಿರೋಧಿ ಅಲ್ಲ. ಮಂಡ್ಯದ ಕಬ್ಬಿಗೂ ದಾವಣಗೆರೆಯ ಮೆಕ್ಕೆಜೋಳಕ್ಕೂ ಬೆಲೆ ಸಿಗಲಿ. 2023ರ ಫೆಬ್ರವರಿಯಲ್ಲಿ ಇ20 ಉದ್ಘಾಟನೆ ಆಗಿದ್ದು ನಮ್ಮ ಬೆಂಗಳೂರಲ್ಲೇ. 2030ಕ್ಕಿದ್ದ ಗುರಿಯನ್ನು 2025ಕ್ಕೇ ಎಳೆದು ತಂದರು, ಸಂತೋಷ. ಆದರೆ ನೀತಿ ಆಯೋಗದ 2021ರ ವರದಿಯಲ್ಲೇ ಬರೆದಿದೆ: ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜ್ 6–7 ಪರ್ಸೆಂಟ್ ಇಳಿಯಬಹುದು, ಇಂಜಿನ್ನಿನ ಭಾಗ ಮತ್ತು ಟ್ಯೂನಿಂಗ್ ಬದಲಾಯಿಸಿದರೆ ನಷ್ಟ ಕಮ್ಮಿ ಮಾಡಬಹುದು ಅಂತ. ಸ್ವಾಮಿ, ಆ ಟ್ಯೂನಿಂಗ್ ಯಾರು ಮಾಡ್ಬೇಕು? ಕಂಪನಿ ಮಾಡಲ್ಲ, ಮೆಕ್ಯಾನಿಕ್‌ಗೆ ಬಿಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ನಾನು ಗಾಡಿ ಮಾರ್ಪಡಿಸಬಾರದು. ಗಾಡಿ ಕುಡಿಯೋ ಪೆಟ್ರೋಲನ್ನು ಮಾತ್ರ ನನ್ನ ಕೇಳದೆ ಮಾರ್ಪಡಿಸಬಹುದು!

ಬೀಗ ತೆಗೆದರೆ ಎಲ್ಲರೂ ಹೊಗೆ ಬಿಟ್ಕೊಂಡು ರೇಸ್ ಹೊಡೀತಾರೆ ಅನ್ನೋ ವಾದ ಇದೆ. ಅಂಥವರು ಇದ್ದಾರೆ, ಒಪ್ತೀನಿ. ಹೊಗೆ ಪರೀಕ್ಷೆ ಬಿಗಿ ಮಾಡಿ. ಬೀಗ ಇದ್ದಾಗಲೂ ಏನಾಗ್ತಿದೆ ನೋಡಿ: ಟೆಂಪರೇಚರ್ ಸೆನ್ಸರಿನ ವೈರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ, ಇಂಜಿನ್ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿ, ಅದನ್ನೇ "ಪವರ್ ಚಿಪ್" ಅಂತ ಸಾವಿರಗಟ್ಟಲೆಗೆ ಮಾರ್ತಿದ್ದಾರೆ. ಸರಿದಾರಿ ಮುಚ್ಚಿದ್ದರಿಂದಲೇ ಕಳ್ಳದಾರಿಯ ವ್ಯಾಪಾರ ನಡೀತಿದೆ.

ಬ್ರೆಜಿಲ್‌ನಲ್ಲಿ 2003ರಿಂದ ಯಾವ ಮಿಶ್ರಣ ಹಾಕಿದರೂ ತಾನೇ ಹೊಂದಿಕೊಳ್ಳೋ ಇಸಿಯು ಇರೋ ಕಾರು ಮಾರ್ತಿದ್ದಾರೆ. ಅಮೆರಿಕದಲ್ಲಿ 2015ರಲ್ಲಿ, ಗಾಡಿಯ ಮಾಲೀಕ ರಿಪೇರಿಗಾಗಿ ಅದರ ಸಾಫ್ಟ್‌ವೇರ್ ಬೀಗ ತೆಗೆದರೆ ಕಾಪಿರೈಟ್ ಅಪರಾಧ ಅಲ್ಲ ಅಂತ ವಿನಾಯಿತಿ ಕೊಟ್ಟರು. ನಮ್ಮಲ್ಲೂ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಅದರಲ್ಲಿ ವಾಹನಗಳೂ ಸೇರಿವೆ. ಅಲ್ಲಿ ಕಸ್ಟಮರ್ ಕೇರ್ ನಂಬರ್ ಬೇಡ, ಇಂಜೆಕ್ಟರಿನ ನಂಬರ್ ಹಾಕಿ.

ಕೊನೆಗೆ ದಾರಿ ಹುಡುಕಿದ್ದು ಅಣ್ಣನೇ. ಇಂಧನದ ಒತ್ತಡ 3 ಬಾರ್‌ನಿಂದ ಮೂರೂವರೆಗೆ ಏರಿಸಿದರು. ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಹರಿವು 8 ಪರ್ಸೆಂಟ್ ಹೆಚ್ಚುತ್ತೆ. ಮೀಟರ್ 0.89 ತೋರಿಸ್ತು. ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ಮನುಷ್ಯ ಮಾಡಿದ ಕೆಲಸ ನೋಡಿ ಬಿ.ಇ. ಓದಿದ ನನಗೆ ನಾಚಿಕೆ ಆಯ್ತು. ಆದರೂ ಇದೂ ಒಂದು ಸಣ್ಣ ಸುಳ್ಳೇ. ರಬ್ಬರ್ ಪೈಪು, ಪಂಪು ಎಷ್ಟು ದಿನ ತಡೀತವೆ ಅಂತ ನೋಡ್ತಾನೇ ಇರಬೇಕು.

ನಾನು ಕೇಳೋದು ಮೂರೇ. ಹತ್ತು ವರ್ಷ ದಾಟಿದ ಮಾಡೆಲ್‌ಗಳ ಇಂಜೆಕ್ಟರ್ ವಿವರ ಮತ್ತು ಟೇಬಲ್ ಬಹಿರಂಗ ಮಾಡಿ. ಇ20ಗೆ ಬೇಕಾದ ಹೊಸ ಟೇಬಲ್ಲನ್ನು ಕಂಪನಿಯೇ ಕೊಡಲಿ. ಐಟಿಐಯಲ್ಲಿ ಸ್ಪ್ಯಾನರ್ ಜೊತೆ ವೈಡ್‌ಬ್ಯಾಂಡ್ ಮೀಟರನ್ನೂ ಕೈಗೆ ಕೊಟ್ಟು ಕನ್ನಡದಲ್ಲಿ ಕಲಿಸಿ. ಅಣ್ಣನ ಗ್ಯಾರೇಜಿಗೆ ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟು ಬಂದಿದ್ದೀನಿ. ಅದರೊಳಗೆ ಹಾಕೋಕೆ ಅವರು ನಂಬರ್ ಕಾಯ್ತಿದ್ದಾರೆ.