ಗುಲಾಮ ಗೆಲ್ಲಬೇಕಾದರೆ ರಾಜಕುಮಾರನೇ ಆಗಿರಬೇಕೆ?

ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಗ್ಲಾಡಿಯೇಟರ್ 2’ ಚಿತ್ರವು 2024ರ ನವೆಂಬರ್ 15ರಂದು, ಅಮೆರಿಕದವರು ನೋಡುವುದಕ್ಕೂ ಒಂದು ವಾರ ಮೊದಲೇ, ಭಾರತದಲ್ಲಿ ತೆರೆಕಂಡಾಗಿನಿಂದ ಅದರ ಕುರಿತ ಜಗಳವೆಲ್ಲ ಶಾರ್ಕ್ ಮೀನಿನ ಜಗಳವೇ ಆಗಿಹೋಗಿದೆ. ರೋಮ್ ನಗರದ ಬೃಹತ್ ಅಖಾಡವಾದ ಕೊಲೋಸಿಯಂಗೆ ನೀರು ತುಂಬಿಸಿ ಹಡಗುಗಳ ಹುಸಿಕಾಳಗ ನಡೆಸಿದ್ದುಂಟು, ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಅದನ್ನು ಉದ್ಘಾಟಿಸಿದಾಗಲೇ ಅಂಥ ಪ್ರದರ್ಶನ ನಡೆಯಿತೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಆದರೆ ಚಿತ್ರ ತೋರಿಸುವಂತೆ ಆ ನೀರಿಗೆ ಶಾರ್ಕ್‌ಗಳನ್ನು ಬಿಟ್ಟದ್ದಕ್ಕೆ ಆಧಾರವಿಲ್ಲ, ಅಚ್ಚಿನ ಯಂತ್ರ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ರೋಮನ್ ಶ್ರೀಮಂತನೊಬ್ಬ ಪತ್ರಿಕೆ ಹಿಡಿದು ಕೂರುವ ದೃಶ್ಯಕ್ಕಂತೂ ಆಧಾರ ಹುಡುಕುವುದೇ ಹಾಸ್ಯಾಸ್ಪದ. ಒಪ್ಪತಕ್ಕ ಮಾತೇ. ಆದರೂ ಶಾರ್ಕಿನ ಸುಳ್ಳು ಯಾರ ತಲೆಯನ್ನೂ ಕೆಡಿಸುವ ಸುಳ್ಳಲ್ಲ. ತಲೆ ಕೆಡಿಸುವ ಸುಳ್ಳು ಕಥೆಯ ಬೆನ್ನೆಲುಬಿನಲ್ಲೇ ಅಡಗಿದೆ, ಮತ್ತು ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯ ಕಾಫಿ ಮೇಜುಗಳ ಸುತ್ತ ಶಾರ್ಕಿನ ಹಲ್ಲೆಣಿಸುತ್ತ ಕುಳಿತ ಪಂಡಿತರಲ್ಲಿ ಒಬ್ಬರಿಗೂ ಅದು ಕಂಡಂತಿಲ್ಲ.

ಕಥೆ ಎಲ್ಲರಿಗೂ ಗೊತ್ತಿರುವುದೇ ಆದರೂ ಅದರ ಕೀಲುಗಳನ್ನು ಬಿಚ್ಚಿ ನೋಡುವುದು ಅಗತ್ಯ. ಉತ್ತರ ಆಫ್ರಿಕಾದ ನುಮಿಡಿಯಾದಲ್ಲಿ ಹ್ಯಾನೋ ಎಂಬ ಹೆಸರಿನಿಂದ ಬಾಳುತ್ತಿದ್ದ ಯೋಧನೊಬ್ಬ, ರೋಮನ್ ದಂಡನಾಯಕ ಅಕೇಸಿಯಸ್‌ನ ದಾಳಿಯಲ್ಲಿ ಹೆಂಡತಿಯನ್ನು ಕಳೆದುಕೊಂಡು, ಸೆರೆಸಿಕ್ಕಿ, ಮಾರಾಟವಾಗಿ ಗ್ಲಾಡಿಯೇಟರ್ ಆಗುತ್ತಾನೆ, ಅಂದರೆ ಜನರ ಮೋಜಿಗಾಗಿ ಅಖಾಡದಲ್ಲಿ ಕೊಲ್ಲುವ ಅಥವಾ ಸಾಯುವ ಕಸುಬಿಗೆ ಬೀಳುತ್ತಾನೆ. ಇಲ್ಲಿಯವರೆಗೆ ಕಥೆಗೆ ಘನತೆಯಿದೆ. ಎಲ್ಲವನ್ನೂ ಕಸಿದುಕೊಂಡ ಸಾಮ್ರಾಜ್ಯದ ವಿರುದ್ಧ ತಿರುಗಿಬೀಳಲು ಮನುಷ್ಯನಿಗೆ ಬೇರೆ ಕಾರಣವೇ ಬೇಕಾಗಿಲ್ಲ. ಆದರೆ ಚಿತ್ರಕಥೆ ಬರೆದವರಿಗೆ ಅಷ್ಟು ಸಾಲದು. ಹ್ಯಾನೋ ನಿಜದಲ್ಲಿ ಲೂಸಿಯಸ್, ಚಕ್ರವರ್ತಿ ಮಾರ್ಕಸ್ ಆರೀಲಿಯಸ್‌ನ ಮಗಳು ಲೂಸಿಲ್ಲಾಳ ಮಗ, ಸಾಲದ್ದಕ್ಕೆ ಮೊದಲ ಚಿತ್ರದ ನಾಯಕ ಮ್ಯಾಕ್ಸಿಮಸ್‌ನ ಮಗ ಎಂಬ ಗುಟ್ಟು ಹೊರಬೀಳುತ್ತದೆ. ಅಖಾಡದ ವೈದ್ಯ ರವಿ, ವಾರಾಣಸಿಯಿಂದ ಬಂದು, ತಾನೇ ಗ್ಲಾಡಿಯೇಟರ್ ಆಗಿದ್ದು, ಹೋರಾಡಿ ಬಿಡುಗಡೆ ಪಡೆದ ಮನುಷ್ಯ, ಇಡೀ ಚಿತ್ರದಲ್ಲಿ ನಿಜವಾಗಿಯೂ ಕೇಳಬೇಕೆನಿಸುವ ಜೀವನಕಥೆಯುಳ್ಳ ಏಕೈಕ ಪಾತ್ರ; ಅವನಿಗೆ ಕೊನೆಗೆ ಒಪ್ಪಿಸುವ ಕೆಲಸ ರಾಜಕುಮಾರನ ಪರವಾಗಿ ಸೈನ್ಯದ ಬಳಿಗೆ ಉಂಗುರ ಒಯ್ಯುವುದು. ಶಾಕುಂತಲದ ಕಾಲದಿಂದಲೂ ಕಥೆಗಳಲ್ಲಿ ಉಂಗುರಕ್ಕಿರುವ ಕೆಲಸ ಗುರುತು ಹಿಡಿಸುವುದೊಂದೇ ತಾನೆ. ಕಡೆಯ ದೃಶ್ಯದಲ್ಲಿ ಎದುರುಬದುರು ನಿಂತ ಎರಡು ಸೈನ್ಯಗಳು ಲೂಸಿಯಸ್‌ಗೆ ತಲೆಬಾಗುವುದು ಅವನು ಪಟ್ಟ ಪಾಡಿಗಲ್ಲ, ಅವನ ಅಜ್ಜನ ಹೆಸರಿಗೆ.

2000ರಲ್ಲಿ ಬಂದು ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ‘ಗ್ಲಾಡಿಯೇಟರ್’ ಇದಕ್ಕೆ ತದ್ವಿರುದ್ಧ ನೆಲೆಯಲ್ಲಿ ನಿಂತಿತ್ತು. ರಸೆಲ್ ಕ್ರೋ ಅಭಿನಯಿಸಿದ ಮ್ಯಾಕ್ಸಿಮಸ್ ಸ್ಪೇನಿನಲ್ಲಿ ಹೊಲಮನೆ ಬಿಟ್ಟುಬಂದ ಸೈನಿಕ, ಅರಮನೆಗೂ ಅವನಿಗೂ ರಕ್ತಸಂಬಂಧವಿಲ್ಲ, ಮತ್ತು ಮಾರ್ಕಸ್ ಆರೀಲಿಯಸ್ ತನ್ನ ಸ್ವಂತ ಮಗ ಕೊಮೋಡಸ್‌ನನ್ನು ಬದಿಗಿಟ್ಟು ಇವನನ್ನು ನಂಬಿದ್ದರಿಂದಲೇ ಅಲ್ಲಿ ಕಥೆ ಹುಟ್ಟುತ್ತದೆ. ಆ ಚಿತ್ರದಲ್ಲಿ ಬಾಲಕ ಲೂಸಿಯಸ್‌ನ ತಂದೆ ಬೇರೊಬ್ಬ. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ ಆ ತಂದೆಯನ್ನು ಅಳಿಸಿ ಮ್ಯಾಕ್ಸಿಮಸ್‌ನನ್ನು ಅಲ್ಲಿ ಕೂರಿಸಿದ್ದರ ಅರ್ಥ ಇಷ್ಟೇ: ಶೌರ್ಯವೂ ಆಸ್ತಿಯಂತೆ ವಾರಸಿನಿಂದ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ.

ಇದನ್ನು ಸಮರ್ಥಿಸುವವರು ‘ರಾಜಪ್ರಭುತ್ವದ ಕಾಲದ ಕಥೆಯಲ್ಲಿ ವಂಶವಲ್ಲದೆ ಇನ್ನೇನಿರುತ್ತದೆ’ ಎಂದು ಇತಿಹಾಸದ ಕಡೆಗೇ ಕೈ ತೋರಿಸುತ್ತಾರೆ. ಇತಿಹಾಸವನ್ನು ತೆರೆದೇ ನೋಡಬಹುದು. ಕ್ರಿ.ಶ. 96ರಲ್ಲಿ ನರ್ವಾ ಪಟ್ಟಕ್ಕೆ ಬಂದಂದಿನಿಂದ 180ರಲ್ಲಿ ಮಾರ್ಕಸ್ ಆರೀಲಿಯಸ್ ಸಾಯುವವರೆಗೆ, ಒಟ್ಟು 84 ವರ್ಷ, ರೋಮಿನ ಸಿಂಹಾಸನ ಒಮ್ಮೆಯೂ ತಂದೆಯಿಂದ ಹೆತ್ತ ಮಗನಿಗೆ ಹೋಗಲಿಲ್ಲ. ನರ್ವಾ ಟ್ರಾಜನ್‌ನನ್ನು, ಹೇಡ್ರಿಯನ್ ಆಂಟೊನೈನಸ್ ಪಯಸ್‌ನನ್ನು, ಆಂಟೊನೈನಸ್ ಮಾರ್ಕಸ್‌ನನ್ನು ದತ್ತು ತೆಗೆದುಕೊಂಡು ಪಟ್ಟ ಕಟ್ಟಿದರು. ಟ್ರಾಜನ್‌ನಿಂದ ಹೇಡ್ರಿಯನ್‌ಗೆ ಅಧಿಕಾರ ಹೋದದ್ದೂ ದತ್ತಕದ ಹೆಸರಿನಲ್ಲೇ. ಇತಿಹಾಸಕಾರರು ರೋಮಿನ ಅತ್ಯುತ್ತಮ ಕಾಲವೆಂದು ಹಾಡಿಹೊಗಳುವುದು ಈ 84 ವರ್ಷಗಳನ್ನೇ. ಆ ದೊರೆಗಳಿಗೆ ಗಂಡುಮಕ್ಕಳು ಉಳಿದಿರಲಿಲ್ಲ, ದತ್ತಕ ಅನಿವಾರ್ಯವಾಗಿತ್ತು ಎಂದು ಪಂಡಿತರು ಗೊಣಗಬಹುದು, ಗೊಣಗಲಿ. ಗಂಡುಮಗ ಉಳಿದಿದ್ದ ಮೊದಲ ದೊರೆ ಮಾರ್ಕಸ್, ಅವನು ಆ ಮಗನಿಗೆ ರಾಜ್ಯ ಕೊಟ್ಟ, ಆ ಮಗ ಕೊಮೋಡಸ್, ಅವನನ್ನು 192ರಲ್ಲಿ ಕುಸ್ತಿಪಟುವೊಬ್ಬನ ಕೈಯಲ್ಲಿ ಕತ್ತು ಹಿಸುಕಿಸಿ ಕೊಲ್ಲಿಸಬೇಕಾಯಿತು. ವಂಶದ ಮಹಿಮೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಆಮೇಲೆ ನಡೆದದ್ದು ಇನ್ನೂ ಸೊಗಸು. ಸೈನ್ಯಬಲದಿಂದ 193ರಲ್ಲಿ ರೋಮನ್ನು ಹಿಡಿದ ಸೆಪ್ಟಿಮಿಯಸ್ ಸೆವೆರಸ್‌ನಿಗೆ ವಂಶದ ಹೊದಿಕೆ ಬೇಕಾದಾಗ, ಸತ್ತು 15 ವರ್ಷವಾಗಿದ್ದ ಮಾರ್ಕಸ್ ಆರೀಲಿಯಸ್‌ನ ಮಗ ತಾನೆಂದು 195ರಲ್ಲಿ ತಾನೇ ಸಾರಿಕೊಂಡ. ಮಕ್ಕಳು ತಂದೆಯನ್ನು ದತ್ತು ತೆಗೆದುಕೊಂಡ ಉದಾಹರಣೆ ಲೋಕದಲ್ಲಿ ವಿರಳ. ಅವನ ಹಿರಿಯ ಮಗನಿಗೂ ಮಾರ್ಕಸ್ ಆರೀಲಿಯಸ್ ಎಂದೇ ನಾಮಕರಣವಾಯಿತು, ಆ ಮಗನೇ ಚಿತ್ರದಲ್ಲಿ ಹುಚ್ಚನಂತೆ ಕುಣಿಯುವ ಚಕ್ರವರ್ತಿ ಕ್ಯಾರಕಲಾ. ಅಂದರೆ ‘ಮಾರ್ಕಸ್‌ನ ಮೊಮ್ಮಗ ನಾನು’ ಎಂಬ ಲೂಸಿಯಸ್‌ನ ಹೆಗ್ಗಳಿಕೆ ನಿಜವಾದ ಇತಿಹಾಸದಲ್ಲಿ ಕ್ಯಾರಕಲಾನ ಅಧಿಕೃತ ಬಿರುದು. ಚಿತ್ರದ ಕಥೆ ನಡೆಯುವ ಕ್ರಿ.ಶ. 200ರ ಹೊತ್ತಿಗೆ ಅವನೂ ಅವನ ತಮ್ಮ ಗೆಟಾನೂ ಹನ್ನೆರಡು ಹನ್ನೊಂದರ ಆಸುಪಾಸಿನ ಹುಡುಗರಾಗಿದ್ದು, ಅಪ್ಪ ಸೆವೆರಸ್ ಗಟ್ಟಿಮುಟ್ಟಾಗಿ ಆಳುತ್ತಿದ್ದನೆಂಬುದನ್ನೂ, ಮುಂದೆ 212ರಲ್ಲಿ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಪ್ರಜೆಗಳಿಗೂ ರೋಮನ್ ಪೌರತ್ವ ಕೊಟ್ಟವನು ಇದೇ ಕ್ಯಾರಕಲಾ ಎಂಬುದನ್ನೂ ಇಲ್ಲಿ ಎತ್ತುವುದು ವ್ಯರ್ಥ. ಕೋತಿಗೆ ಕಾನ್ಸಲ್ ಪದವಿ, ಅಂದರೆ ರಾಜ್ಯದ ಅತ್ಯುನ್ನತ ಅಧಿಕಾರಿಯ ಸ್ಥಾನ, ಕೊಡುವ ಚಿತ್ರದೊಂದಿಗೆ ಪೌರತ್ವದ ಮಾತಾಡುವುದು ಹೇಗೆ?

ಡೆನ್ಝೆಲ್ ವಾಷಿಂಗ್ಟನ್ ಅಭಿನಯಿಸಿದ ಮ್ಯಾಕ್ರಿನಸ್‌ನ ವಿಷಯದಲ್ಲಿ ಮಾತ್ರ ಚಿತ್ರದ ಅಪರಾಧವನ್ನು ಮನ್ನಿಸಲಾಗದು. ನಿಜವಾದ ಮ್ಯಾಕ್ರಿನಸ್ ಇಂದಿನ ಆಲ್ಜೀರಿಯಾದ ಕರಾವಳಿಯ ಊರಿನವನು, ಕಾನೂನು ಬಲ್ಲವನು, ಚಕ್ರವರ್ತಿಯ ಮೈಗಾವಲು ಪಡೆಯಾದ ಪ್ರೇಟೋರಿಯನ್ನರ ಮುಖ್ಯಸ್ಥನಾಗಿದ್ದು, 217ರಲ್ಲಿ ಸೆನೆಟ್ ಎಂಬ ಶ್ರೀಮಂತರ ಸಭೆಯ ಸದಸ್ಯನೂ ಆಗದೆ ಸಿಂಹಾಸನವೇರಿದ ಮೊದಲಿಗ. ಅವನ ಕಿವಿ ಚುಚ್ಚಿಸಿಕೊಂಡದ್ದನ್ನೂ ಕೀಳು ಹುಟ್ಟನ್ನೂ ಕ್ಯಾಸಿಯಸ್ ಡಿಯೋ ಹಂಗಿಸಿದ. ಅವನನ್ನು ಉರುಳಿಸಿದ್ದು ಏನು? ಸಿರಿಯಾದ ಜೂಲಿಯಾ ಮೀಸಾ ಎಂಬ ಚತುರೆ ತನ್ನ ಹದಿನಾಲ್ಕರ ಮೊಮ್ಮಗನನ್ನು ‘ಇವನು ಕ್ಯಾರಕಲಾನ ಗುಟ್ಟಿನ ಮಗ’ ಎಂದು ಸೈನಿಕರಿಗೆ ತೋರಿಸಿದಳು. ಸೈನಿಕರು ನಂಬಿದರು, 218ರಲ್ಲಿ ಮ್ಯಾಕ್ರಿನಸ್ ಸೋತು ಪ್ರಾಣ ಕಳೆದುಕೊಂಡ, ಇಲಗಬಾಲಸ್ ಎಂದು ಹೆಸರಾದ ಆ ಹುಡುಗ ನಾಲ್ಕು ವರ್ಷ ಆಳಿ ಪ್ರೇಟೋರಿಯನ್ನರ ಕೈಯಲ್ಲಿ ಕೊಲೆಯಾಗಿ ಟೈಬರ್ ನದಿಯ ಪಾಲಾದ. ಸೈನ್ಯದ ಮುಂದೆ ಪ್ರತ್ಯಕ್ಷನಾಗುವ ಗುಟ್ಟಿನ ಮಗ ಎಂಬ ಕಥೆ ರೋಮಿನಲ್ಲಿ ನಿಜವಾಗಿ ನಡೆದದ್ದೇ, ಆದರೆ ಅದು ನಡೆದದ್ದು ಅಜ್ಜಿಯೊಬ್ಬಳು ಹೂಡಿದ ವಂಚನೆಯಾಗಿ. ಸ್ಕಾಟ್ ಆ ವಂಚನೆಯನ್ನೇ ಎತ್ತಿಕೊಂಡು ಕ್ರಾಂತಿ ಎಂದು ಹೆಸರಿಟ್ಟು, ಅದಕ್ಕೆ ಬಲಿಯಾದವನನ್ನು ಖಳನನ್ನಾಗಿಸಿದ್ದಾರೆ. ಚಿತ್ರದ ಮ್ಯಾಕ್ರಿನಸ್ ಹಿಂದೊಮ್ಮೆ ಗುಲಾಮನಾಗಿದ್ದವನು, ಯಾರ ಮಗನೂ ಅಲ್ಲದೆ ತುದಿಗೇರಿದವನು. ಆದ್ದರಿಂದಲೇ ಅವನು ಸಾಯಬೇಕು.

ಈ ವಂಚನೆಯನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವ ಭಾಗ್ಯವೂ ಬೆಂಗಳೂರಿನವರಿಗೆ ಸಿಗಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಭಾರತದಲ್ಲಿ ಚಿತ್ರ ಬಿಡುಗಡೆಯಾದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ. ಬೆಂಗಳೂರಿನ ದಂಡು ಪ್ರದೇಶವು 1947ರವರೆಗೆ ಬ್ರಿಟಿಷರ ಕೈಯಲ್ಲಿದ್ದು, ಅಲ್ಲಿನ ಬ್ರಿಗೇಡ್ ರಸ್ತೆಯ ರೆಕ್ಸ್, ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಹಲಸೂರಿನ ಕಡೆಯ ಲಿಡೋ ಮೊದಲಾದ ಚಿತ್ರಮಂದಿರಗಳು ಇಂಗ್ಲಿಷ್ ಚಿತ್ರಗಳಿಂದಲೇ ಹೆಸರಾಗಿದ್ದವು. ಅವೆಲ್ಲ ಒಂದೊಂದಾಗಿ ಮುಚ್ಚಿ, ರೆಕ್ಸ್ ಸಹ 2018ರ ಕೊನೆಗೆ ಬಾಗಿಲು ಹಾಕಿ, ಕೆಲವು ಜಾಗಗಳು ಮಾಲ್‌ಗಳಾದರೂ ಹಳೆಯ ಚಾಳಿ ಮಾತ್ರ ಮಾಲ್‌ಗಳೊಳಕ್ಕೆ ನಡೆದುಬಂದಿದೆ. ಶಿವಾಜಿನಗರದ ಉರ್ದು ಮಾತಿನವನು ಹಿಂದಿಯಲ್ಲಿ, ಹಲಸೂರಿನ ತಮಿಳು ಮಾತಿನವನು ತಮಿಳಿನಲ್ಲಿ ನೋಡಿದ್ದರೆ ಅವರ ಪಾಲಿಗೆ ಒಳ್ಳೆಯದೇ ಆಯಿತು. ಆದರೆ ಕೋಲಾರದ ಕಡೆಯಿಂದ ಬಂದು ಕೆ.ಆರ್. ಪುರದ ತೂಗುಸೇತುವೆಯ ಪಕ್ಕದಲ್ಲಿ ಅಂಗಡಿಯಿಟ್ಟ ಕನ್ನಡಿಗ ತನ್ನ ರಾಜ್ಯದ ರಾಜಧಾನಿಯಲ್ಲೇ ಪರಭಾಷೆಯೊಂದನ್ನು ಆರಿಸಿಕೊಳ್ಳಬೇಕಾದದ್ದು ಯಾರ ಪುಣ್ಯಫಲ? 1960ರ ದಶಕದಿಂದ ಡಬ್ಬಿಂಗ್ ಎಂಬ ಮಾತೆತ್ತಿದರೆ ಮೈಮೇಲೆ ಬರುತ್ತಿದ್ದ ಕನ್ನಡ ಚಿತ್ರೋದ್ಯಮದವರು ಕನ್ನಡ ಸಂಸ್ಕೃತಿಯನ್ನು ಕಾಪಾಡುತ್ತಿದ್ದೇವೆಂದು ಎದೆ ತಟ್ಟಿಕೊಂಡರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅವರು ಡಬ್ಬಿಂಗ್‌ಗೆ ಒಡ್ಡಿದ್ದ ತಡೆಯನ್ನು ಕಾನೂನುಬಾಹಿರವೆಂದು ಸಾರಿ ದಂಡ ವಿಧಿಸಿದ ಮೇಲೂ, 2022ರಲ್ಲಿ ‘ಅವತಾರ್’ನ ಎರಡನೆಯ ಭಾಗ ಕನ್ನಡ ಮಾತಾಡಿಯೇ ಬಂದ ಮೇಲೂ, ಅಷ್ಟು ದಶಕಗಳ ಅಭ್ಯಾಸಬಲದಿಂದ ಹೊರಗಿನವರ ಲೆಕ್ಕದಲ್ಲಿ ಕನ್ನಡ ಬಿಟ್ಟುಬಿಡಬಹುದಾದ ಭಾಷೆಯಾಗಿಯೇ ಉಳಿದಿದೆ. ಕಾಪಾಡಿದ್ದು ಸಂಸ್ಕೃತಿಯನ್ನೋ ಮಾರುಕಟ್ಟೆಯನ್ನೋ, ತಾರೆಯರ ಮಕ್ಕಳು ತಾರೆಯರಾಗುತ್ತಲೇ ಇರುವ, ಆ ಉದ್ಯಮದ ಕೇರಿಯಾದ ಗಾಂಧಿನಗರವೇ ಉತ್ತರ ಹೇಳಲಿ. ವಂಶದ ಕಥೆ ಅಲ್ಲಿಯೂ ಚೆನ್ನಾಗಿಯೇ ಓಡುತ್ತದೆ.

ಕನ್ನಡಕ್ಕೆ ಡಬ್ ಆಗಿದ್ದರೆ ಆಗುತ್ತಿದ್ದ ಲಾಭ ಬೇರೆಯೇ ಇತ್ತು. ಲೂಸಿಯಸ್ ತನ್ನ ಹುಟ್ಟನ್ನು ಸಾರುವ ಮಾತುಗಳನ್ನು ಬರೆಯಲು ಕುಳಿತ ಕನ್ನಡದ ಸಂಭಾಷಣೆಕಾರನಿಗೆ, ಬೇಡವೆಂದರೂ, ಹಸ್ತಿನಾಪುರದ ಅಖಾಡ ನೆನಪಾಗುತ್ತಿತ್ತು. ಕೌರವ ಪಾಂಡವರು ಶಸ್ತ್ರವಿದ್ಯೆ ಪ್ರದರ್ಶಿಸುವ ಆ ರಂಗಕ್ಕೆ ಕರ್ಣ ಬಂದು ಅರ್ಜುನನನ್ನು ಕೆಣಕಿದಾಗ ಅವನ ಬಿಲ್ಲುಗಾರಿಕೆಯನ್ನು ಯಾರೂ ಅಲ್ಲಗಳೆಯಲಿಲ್ಲ, ಕೃಪಾಚಾರ್ಯ ಕೇಳಿದ್ದು ಅವನ ಕುಲವನ್ನು. ‘ಗ್ಲಾಡಿಯೇಟರ್ 2’ ಕೇಳುವುದೂ ಕೃಪನ ಪ್ರಶ್ನೆಯನ್ನೇ, ಕೇಳಿ ತೃಪ್ತಿಕರ ಉತ್ತರ ಪಡೆದ ಮೇಲಷ್ಟೇ ಚಪ್ಪಾಳೆ ತಟ್ಟುತ್ತದೆ. ಹತ್ತನೆಯ ಶತಮಾನದ ಕವಿ ಪಂಪ, ತನ್ನ ಕಾವ್ಯದ ನಾಯಕ ಅರ್ಜುನನನ್ನು ಆಶ್ರಯದಾತನೊಂದಿಗೆ ಒಂದಾಗಿಸಿದ್ದರೂ, ಕರ್ಣನ ಮೇಲಿನ ಮೆಚ್ಚುಗೆಯನ್ನು ಅಡಗಿಸಿಡಲಿಲ್ಲ. ಯಾಕೆಂದರೆ ತಾನು ಕುಂತಿಯ ಹಿರಿಯ ಮಗ, ರಾಜ್ಯಕ್ಕೆ ಹಕ್ಕುದಾರ ಎಂದು ತಿಳಿದ ಮೇಲೂ ಕರ್ಣ ಆ ಹುಟ್ಟನ್ನು ನಗದು ಮಾಡಿಕೊಳ್ಳಲಿಲ್ಲ. ಲೂಸಿಯಸ್ ಮಾಡಿಕೊಂಡ. ಸಾವಿರ ವರ್ಷಗಳ ಹಿಂದಿನ ಕವಿ ಕಂಡದ್ದನ್ನು ಕೋಟ್ಯಂತರ ಡಾಲರುಗಳ ಚಿತ್ರ ಕಾಣದೆಹೋಯಿತು.

ಇಷ್ಟು ಹೇಳಿ ಕನ್ನಡದವರು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಐದನೆಯ ಶತಮಾನದ ಸ್ತಂಭಶಾಸನವು ಕದಂಬ ರಾಜ್ಯದ ಸ್ಥಾಪಕ ಮಯೂರಶರ್ಮನನ್ನು ಅರಸುಮಗನೆಂದು ಹೇಳುವುದಿಲ್ಲ. ಗುರು ವೀರಶರ್ಮನೊಂದಿಗೆ ಓದಲು ಕಂಚಿಯ ಘಟಿಕೆಗೆ, ಅಂದರೆ ಅಂದಿನ ಉನ್ನತ ವಿದ್ಯಾಕೇಂದ್ರಕ್ಕೆ, ಹೋದ ಬ್ರಾಹ್ಮಣ ತರುಣ, ಪಲ್ಲವರ ಕುದುರೆ ಸವಾರರೊಂದಿಗಿನ ಕಲಹದಲ್ಲಿ ಅವಮಾನಗೊಂಡು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆನಿಂತು ಪಲ್ಲವರನ್ನೇ ಬಗ್ಗಿಸಿದನೆಂದು ಅದು ಹೇಳುತ್ತದೆ. 1975ರ ‘ಮಯೂರ’ ಚಿತ್ರಕ್ಕೆ ಈ ಇತಿಹಾಸ ಸಾಲದಾಯಿತು. ಡಾ. ರಾಜ್‌ಕುಮಾರ್ ಅಭಿನಯದ ಭವ್ಯತೆಯನ್ನು ಯಾರೂ ಅಲ್ಲಗಳೆಯರು, ಆದರೆ ಅಲ್ಲಿಯೂ ಬ್ರಾಹ್ಮಣನಾಗಿ ಬೆಳೆದ ಮಯೂರ ಕೊನೆಗೆ ಹತನಾದ ಕದಂಬ ದೊರೆಯ ಮಗನೆಂದು ಬಯಲಾಗಲೇಬೇಕಾಯಿತು. ತಾಳಗುಂದದ ಕಲ್ಲಿಗಿದ್ದ ಧೈರ್ಯ ಕನ್ನಡದ ಪರದೆಗೆ ಇರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿದ, ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು, ಅಂದರೆ ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು, ಕಿತ್ತಯ್ಯ ಎಂಬವನದು; ಈ ನಗರದ ನೆಲದಲ್ಲಿ ಕಲ್ಲಿನ ಮೇಲೆ ಹೆಸರು ಕೊರೆಸಿಕೊಳ್ಳಲು ಹೀಗೆ ಮಡಿದದ್ದೇ ಸಾಕಾಗಿತ್ತು.

ರಿಡ್ಲಿ ಸ್ಕಾಟ್ ಈಗಾಗಲೇ ಮೂರನೆಯ ಭಾಗದ ಮಾತೆತ್ತಿದ್ದಾರೆ. ಲೂಸಿಯಸ್‌ನ ಹೆಂಡತಿ ಮೊದಲ ಕಾಳಗದಲ್ಲೇ ಸತ್ತಳು, ಅವರಿಗೆ ಮಗುವಿದ್ದದ್ದನ್ನು ಚಿತ್ರ ತೋರಿಸಿಲ್ಲ. ಮ್ಯಾಕ್ಸಿಮಸ್‌ಗೆ ಇಪ್ಪತ್ತನಾಲ್ಕು ವರ್ಷಗಳ ಬಳಿಕ ಮಗ ಹುಟ್ಟಿಸಿದವರಿಗೆ ಇದೇನೂ ಅಡ್ಡಿಯಾಗಲಾರದು.