ಬಲಿಪೀಠದ ಬಡವರ ದರ

ಬಕ್ರೀದ್ ಹತ್ತಿರ ಬಂದರೆ ದೋಹಾದ ನಮ್ಮ ಕನ್ನಡಿಗರ ಊಟದ ಮೇಜಿನಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ದೇವರಿಗೆ ಪ್ರಾಣಿ ಕೊಡುವುದು ಕಾಡುಜನರ ಪದ್ಧತಿ. ಹೀಗೆ ಹೇಳುವವರ ತಟ್ಟೆಯಲ್ಲೇ ಹೈಪರ್‌ಮಾರ್ಕೆಟ್ಟಿನ ಕೋಳಿ ಇರುತ್ತದೆ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ನನ್ನ ತಕರಾರು ಬೇರೆ. ಇವರು ಬಲಿಯಲ್ಲಿ ರಕ್ತವನ್ನಷ್ಟೇ ನೋಡುತ್ತಾರೆ. ಖರ್ಚು ಯಾರದು ಎಂದು ಕೇಳುವುದಿಲ್ಲ.

ಹಳೆಯ ಇಸ್ರಾಯೇಲರ ಯಾಜಕಕಾಂಡವನ್ನು ಲೆಕ್ಕಿಗನ ಕಣ್ಣಿನಿಂದ ಓದಿ ನೋಡಿ. ಸಮಾಧಾನಯಜ್ಞದಲ್ಲಿ ರಕ್ತ ವೇದಿಗೆ, ಕೊಬ್ಬು ಬೆಂಕಿಗೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದು ಕೊಟ್ಟವನ ಮನೆಯೂಟಕ್ಕೆ. ಕೃತಜ್ಞತೆಯ ಬಲಿಯಾದರೆ ಅದೇ ದಿನ ತಿಂದು ಮುಗಿಸಬೇಕು; ಹರಕೆಯದಾದರೆ ಮರುದಿನದವರೆಗೆ ಅವಕಾಶ; ಮೂರನೆಯ ದಿನ ಉಳಿದದ್ದನ್ನು ಸುಡಬೇಕು. ಇಡೀ ಕುರಿಯನ್ನು ಒಂದೆರಡು ದಿನದಲ್ಲಿ ಒಬ್ಬನೇ ತಿನ್ನಲಾದೀತೆ? ಹಂಚಲೇಬೇಕು. ಫ್ರೀಜರ್ ಇರುವ ನಮಗೆ ಇದು ಹೊಳೆಯುವುದು ಕಷ್ಟ.

ಐದನೆಯ ಅಧ್ಯಾಯ ಇನ್ನೂ ಸೊಗಸು. ಕೆಲವು ದೋಷಗಳಿಗೆ ಪರಿಹಾರವಾಗಿ ಕುರಿಯನ್ನೋ ಆಡನ್ನೋ ಕೊಡಬೇಕು. ಅದಕ್ಕೆ ಗತಿಯಿಲ್ಲದವನು ಎರಡು ಬೆಳವಕ್ಕಿಯನ್ನೋ ಪಾರಿವಾಳದ ಮರಿಗಳನ್ನೋ ತರಲಿ. ಅದಕ್ಕೂ ಗತಿಯಿಲ್ಲದವನು ಒಂದು ಏಫಾದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 2 ಲೀಟರ್ ಅಳತೆಯಷ್ಟು ಹಿಟ್ಟು ತರಲಿ. ಎಣ್ಣೆ ಬೇಡ, ಧೂಪ ಬೇಡ. ಮೂವರಿಗೂ ಸಿಗುವ ಕ್ಷಮೆ ಒಂದೇ. ಆದಾಯಕ್ಕೆ ತಕ್ಕ ತೆರಿಗೆ ಎಂದು ನಾವು ಸಿಎ ಪರೀಕ್ಷೆಗೆ ಓದುವುದು ಇದನ್ನೇ. ಬಾಣಂತಿಯ ಶುದ್ಧೀಕರಣಕ್ಕೂ ಇಂಥದೇ ರಿಯಾಯಿತಿ ಇತ್ತು. ಯೇಸುವಿನ ತಾಯ್ತಂದೆಯರು ಕೊಟ್ಟದ್ದು ಆ ಹಕ್ಕಿಗಳ ದರವನ್ನೇ ಎಂದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ.

ಹಿಟ್ಟು ನಮಗೂ ಹೊಸದಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಅರಸ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು, ಕೊಲ್ಲುವ ಸಂಕಲ್ಪದ ಫಲವಾಗಿ ಜನ್ಮಜನ್ಮಾಂತರ ತೊಳಲುತ್ತಾನೆ. ಜೈನಕವಿಯ ತರ್ಕ ಸರಿ. ಆದರೆ ಯಾಜಕಕಾಂಡದ ಹಿಟ್ಟು ಕೋಳಿಯ ವೇಷ ಹಾಕುವುದಿಲ್ಲ. ಅಲ್ಲಿ ಹಿಟ್ಟು ಹಿಟ್ಟೇ, ಬಡವನು ಬಡವನೇ.

ನಮ್ಮ ರಾಜ್ಯ ಏನು ಮಾಡಿತು? 1959ರಲ್ಲಿ ಪ್ರಾಣಿಬಲಿ ತಡೆ ಕಾಯಿದೆ ತಂದಿತು. ದೇವಸ್ಥಾನದ ಆವರಣದಲ್ಲಿ ಕತ್ತಿ ಬೀಳಬಾರದು. ಸರಿ, ಈಗ ಹೊಲದ ಬದುವಿನಲ್ಲಿ ಬೀಳುತ್ತದೆ. ಕತ್ತಿ ಎಲ್ಲಿ ಬಿತ್ತೆಂದು ಕಾಯಿದೆ ನೋಡುತ್ತದೆ. ಆ ಕುರಿಗೆ ಸಾಲ ಎಲ್ಲಿಂದ ಬಂತೆಂದು ನೋಡುವುದಿಲ್ಲ.

ಸಾಲ ನಿಜ. ಕತಾರಿನಲ್ಲಿ 2021ರಿಂದ ಕನಿಷ್ಠ ಮೂಲವೇತನ ತಿಂಗಳಿಗೆ 1000 ರಿಯಾಲ್. ಅದರ ಆಸುಪಾಸಿನಲ್ಲಿ ದುಡಿಯುವ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಇರುವ ನಮ್ಮ ಕಡೆಯ ಹುಡುಗನೊಬ್ಬ ಊರಮ್ಮನ ಜಾತ್ರೆಗೆ ಮುಂಗಡ ಕೇಳಿಕೊಂಡು ನನ್ನ ಬಳಿ ಬಂದಿದ್ದ. ಕುರಿ, ಅಕ್ಕಿ, ನೆಂಟರ ಊಟ ಎಲ್ಲ ಸೇರಿ ಅವನ ಮೂರು ತಿಂಗಳ ಸಂಬಳ. ಹರಕೆ ಹೊತ್ತವಳು ತಾಯಿ. ಕೊಡದಿದ್ದರೆ ಅಮ್ಮ ಮುನಿಯುತ್ತಾಳೋ ಇಲ್ಲವೋ, ಕೇರಿಯಂತೂ ಆಡಿಕೊಳ್ಳುತ್ತದೆ.

ಅವನಿಗೆ ‘ಅನಾಗರಿಕ’ ಎಂದು ಹೇಳುವುದು ಸುಲಭ. ಬಲಿ ಬಿಡಿ ಎಂದು ಭಾಷಣ ಮಾಡುವವರು ಜಾತ್ರೆಗೆ ತಿಂಗಳ ಮುಂಚೆ ಆ ಊರಿನ ಕಮಿಟಿಯನ್ನು ಕೂರಿಸಿ, ಒಂದು ಸೇರು ಹಿಟ್ಟಿಗೂ ಹರಕೆ ಪೂರ್ತಿ ಸಂದಿತು ಎಂದು ಡಂಗುರ ಹೊಡೆಸಲಿ. ಆ ಹಿಟ್ಟನ್ನು ಕುರಿ ತಂದವರ ಸಾಲಿನಲ್ಲೇ ನಿಲ್ಲಿಸಿ ಪೂಜಾರಿ ತೆಗೆದುಕೊಳ್ಳಲಿ, ಹಿಂಬಾಗಿಲಿನಿಂದಲ್ಲ.